ಕೋಟೆಯಲ್ಲಿ ಇದ್ದು ಬಂದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ. ಶಹಾಬಾದಿನ ಕಾರಖಾನೆಯಲ್ಲಿ ನಮ್ಮ ಜೊತೆಗಿದ್ದ ಒಬ್ಬ ವೆಲ್ಡರ್ ಸೇಡಂ ಬಸ್ಸಿಗೆ ಕಾಯುತ್ತ ನಿಂತಿದ್ದ. ಮಕ್ಕಳ ನೌಕರಿ, ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿದ ಮೇಲೆ, "ಅಂದಂಗ ನಮ್ಮ ಲಂಡನ್ ಫೋರಮನ್ನರು ಹೋದ್ರಲ್ಲರಿ, ಹೋದ ಅಮಾಸಿ ಮುಂದ" ಎಂದ. ಹೌದೇನು ಎಂದೆ. ಬಸ್ಸು ಬಂತು, ಅವನು ಹತ್ತಿದ. ನಾನು ತರಕಾರಿ ಕೊಂಡು ಮನೆಗೆ ಬಂದೆ, ಉಂಡೆ, ಮಲಗಿ ಎದ್ದೆ. ಹೆಂಡತಿಗೆ ಹೇಳಿದ್ದು ಮರುದಿನ. "ಒಂದೇ ಗ್ವಾಡಿಯ ಮಗ್ಗಲಿನ ಮನಿಯವರು, ಹಿಂಗ ಹೇಳತೀರಲ್ಲ" ಎಂದಳು. ನನಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸಬೇಕಾದ ಹೊತ್ತಿಗೆ ಏನೂ ಅನ್ನಿಸದೆ ಇರುವುದು ಹೇಗಿರುತ್ತದೆ ಎಂದು ನಾನು ಮೊದಲು ನೋಡಿದ್ದೇ ಅವರಲ್ಲಿ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಲಂಡನ್ ಫೋರಮನ್ ಎಂಬುದು ಊರು ಇಟ್ಟ ಹೆಸರು. ಅವರು ಲಂಡನ್ನು ನೋಡಿದ್ದು ವಿಮಾನ ಬದಲಿಸುವಾಗ ಮಾತ್ರ. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲದಲ್ಲಿ ನಮ್ಮ ಕಾರಖಾನೆಯವರು ಬಾಯ್ಲರ್ ಕೆಲಸ ಕಲಿಯಲೆಂದು ಅವರನ್ನು ಸ್ಕಾಟ್‌ಲೆಂಡಿಗೆ ಕಳಿಸಿದ್ದರು. "ಲಂಡನ್ ಅಲ್ಲರಿ, ಸ್ಕಾಟ್‌ಲೆಂಡ್" ಎಂದು ಅವರು ತಿದ್ದುವರು. ಎರಡಕ್ಕೂ ಏನು ಫರಕ್ ಎಂದು ಯಾರಾದರೂ ಕೇಳಿದರೆ, "ಚಿಂಚೋಳಿಯಾಂವಗ ಮೈಸೂರಾಂವ ಅಂದ್ರ ನಡೀತದೇನು?" ಎನ್ನುವರು. ಹಾಗೆ ತಿದ್ದಿಸಿಕೊಂಡವರೇ ಮರುದಿನ ಮತ್ತೆ ಲಂಡನ್ ಎನ್ನುತ್ತಿದ್ದರು.

ಅವರ ಊರು ಚಿಂಚೋಳಿ ತಾಲ್ಲೂಕಿನ ಕೊಡ್ಲಿ. ಎತ್ತರದ ಆಳು, ಕಪ್ಪು ಬಣ್ಣ, ಹಣೆಯ ತುಂಬ ವಿಭೂತಿ. ಯಾವುದನ್ನು ಕಂಡರೂ ಬೆರಳ ಗೆಣ್ಣಿನಿಂದ ಬಡಿದು ನೋಡುವ ಚಾಳಿ ಇತ್ತು. ಕಬ್ಬಿಣದ ತಗಡು ಬಡಿಯುವುದು ಅವರ ಕೆಲಸವೇ ಆಗಿತ್ತು, ಬಿಡಿ. ಸಂತೆಯಲ್ಲಿ ಗಡಿಗೆ, ಕಲ್ಲಂಗಡಿ, ಬೀಗರ ಮನೆಯ ಬಾಗಿಲು, ಹೊಸದಾಗಿ ಬಂದ ಇಂಜಿನಿಯರರ ಮೇಜು, ಎಲ್ಲಕ್ಕೂ ಅದೇ ಪರೀಕ್ಷೆ. ನನ್ನ ಮದುವೆಯಲ್ಲಿ ಹಂದರದ ಕಂಬ ಬಡಿದು ನೋಡಿ, "ಎರಡ ದಿನ ತಡೀತದ, ಊಟ ಮುಗಿಸಿಬಿಡ್ರಿ" ಎಂದಿದ್ದರು. ಸಣ್ಣ ದನಿ. ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತಿತ್ತು. ಮಿರ್ಚಿ ಭಜಿ ಎಂದರೆ ಪ್ರಾಣ. ಆದರೆ ಜಳಕ, ಲಿಂಗಪೂಜೆ ಆಗದೆ ಹನಿ ನೀರು ಕುಡಿಯುತ್ತಿರಲಿಲ್ಲ. ಬೆಳಗಿನ ಪಾಳಿಗೆ ಕಾರಖಾನೆಯ ಭೋಂಗಾ ಕೂಗುವ ಮೊದಲೇ ಅವರ ಮನೆಯಿಂದ ಗಂಟೆಯ ಸಪ್ಪಳ ಕೇಳುತ್ತಿತ್ತು. ನಾನು ಡ್ರಾಯಿಂಗ್ ಆಫೀಸಿನಲ್ಲಿದ್ದೆ, ಅವರಿಗಿಂತ ಬಹಳ ಸಣ್ಣವನು. ನಾನು ಅಣ್ಣಾರ ಎನ್ನುತ್ತಿದ್ದೆ, ಅವರು ತಮ್ಮಾ ಎನ್ನುತ್ತಿದ್ದರು.

ಸ್ಟೇಷನ್ನಿನ ಎದುರಿಗೆ ಇದ್ದ ಚಹಾದ ಅಂಗಡಿಯಲ್ಲಿ ಅವರಿಗೆ ಒಂದು ಬೆಂಚು ಮೀಸಲು. ಅಲ್ಲಿ ಕುಳಿತು ಅವರು ಕೋಟೆಯ ಕಥೆ ಹೇಳಬೇಕು, ನಾವು ಕೇಳಬೇಕು. ಸ್ಕಾಟ್‌ಲೆಂಡಿನ ಆ ಕಾರಖಾನೆಯ ಊರಿನಲ್ಲಿ ಬಾಡಿಗೆ ಕೋಣೆ ಸಿಗದೆ, ಸಮೀಪದ ಒಂದು ಹಳೆಯ ಕೋಟೆಯಲ್ಲಿ ಇವರನ್ನು ಇಳಿಸಿದ್ದರಂತೆ. ರಾಜರ ಕಾಲದ ಕೋಟೆ, ಈಗ ಹೋಟೆಲ್. ಚಳಿಗಾಲ, ಬೇರೆ ಗಿರಾಕಿಗಳಿಲ್ಲ.

"ಕೋಟಿ ಮಾಲಕ್ ಸ್ವತಾ ಬಂದು ನನ್ನ ಟ್ರಂಕ್ ಎತ್ತಿದ. ನಾ ಕಸಗೊಂಡೆ. ಅಂವ ಮತ್ತ ಕಸಗೊಂಡ. ನಮ್ಮಪ್ಪ ಊರ ಧಣಿ ಗಢಿ ಮುಂದ ಹಾಯಬೇಕಾದ್ರ ಚಪ್ಪಲ್ ಕೈಯಾಗ ಹಿಡಕೊಂಡು ಹಾಯತಿದ್ದ. ಇಲ್ಲಿ ನೋಡಿದ್ರ ಗಢಿ ಧಣಿ ನನ್ನ ಟ್ರಂಕ್ ಹೊತ್ತು ಮೆಟ್ಟಲ ಏರಲಿಕತ್ತಾನ."

"ಗ್ವಾಡಿ ಬಡದು ನೋಡಿದ್ರೇನ್ರಿ?" ಎಂದು ಯಾರೋ ಕೇಳುತ್ತಿದ್ದರು, ಉತ್ತರ ಗೊತ್ತಿದ್ದರೂ.

"ನೋಡದೆ ಬಿಡತೀನೇನು? ಸಪ್ಪಳಾನೇ ಇಲ್ಲ. ಕಿಡಕಿಯಾಗ ಇಬ್ಬರು ಅಡ್ಡ ಮಲಗಬಹುದು, ಅಷ್ಟು ದಪ್ಪ. ಕೆಳಗ ನಮ್ಮ ಶಾಬಾದಿನಂಥದೇ ಫರ್ಸಿ ಕಲ್ಲು. ಗ್ವಾಡಿ ಮ್ಯಾಲ ಜಿಂಕಿ ತಲಿ, ಒಂದಕ್ಕೂ ಮೈ ಇಲ್ಲ. ಮುಂಜಾನಿ ಎದ್ದಕೂಡಲೆ ಅಂಬಲಿ ಕೊಡತಿದ್ರು, ಉಪ್ಪ ಹಾಕಿದ್ದು. ಅದನ್ನ ಕುಡೀಲಿಕ್ಕೆ ಬೆಳ್ಳಿ ಚಮಚಾ."

ಒಮ್ಮೆ ಸೇಡಂ ಕಡೆಯ ಗುತ್ತೇದಾರನೊಬ್ಬ, ಹಾಗಾದರೆ ನಮ್ಮ ಮಳಖೇಡ ಕೋಟೆಯನ್ನೂ ಹೋಟೆಲ್ ಮಾಡಬಹುದಲ್ಲ ಎಂದ. "ಮಾಡ್ರಿ, ಖರೆ ಬಾವಲಿ ಬಿಲ್ ಕೊಡತಾವೇನ್ರಿ?" ಎಂದರು. ಕೂತವರೆಲ್ಲ ನಕ್ಕರು. ಕಥೆ ಪ್ರತಿ ಸಲವೂ ಅದೇ ಶಬ್ದಗಳಲ್ಲಿ ನಡೆಯುತ್ತಿತ್ತು, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ. "ಹಿಂದಿನ ಬಾಗಲಾ ತೆಗದ್ರ ಕೆರಿ ಅದ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಕೆರೆಯಲ್ಲಿ ಏನಿತ್ತು ಎಂದು ಕೇಳಿದರೆ, "ನೀರು" ಎಂದು ಎದ್ದುಬಿಡುತ್ತಿದ್ದರು.

ಕೆರೆಯ ವಿಷಯ ಗೊತ್ತಿದ್ದವನು ನಾನೊಬ್ಬನೇ. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ದೂರ ಇರುವವರಿಗೆ ಸಾವನ್ನು ನಾವು ಸಾವೆಂದು ತಿಳಿಸುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರು, ಉಪವಾಸ ಬಂದಾರು ಎಂಬ ಅಂತಃಕರಣ. ಆರಾಮಿಲ್ಲ, ಕೂಡಲೇ ಹೊರಟು ಬಾ ಎಂದಷ್ಟೇ ತಂತಿ ಕೊಡುತ್ತಾರೆ. ನಿಜವಾಗಿ ಆರಾಮಿಲ್ಲದವರ ಸಲುವಾಗಿ ಯಾರೂ ತಂತಿ ಆಫೀಸಿಗೆ ಹೋಗುವುದಿಲ್ಲ, ಬಂಡಿ ಕಟ್ಟಿಕೊಂಡು ದವಾಖಾನೆಗೆ ಹೋಗುತ್ತಾರೆ. ನಮ್ಮ ಕಾಲನಿಯಲ್ಲಿ ತಂತಿಯವನ ಸೈಕಲ್ ನಿಂತ ಮನೆಯಲ್ಲಿ, ಓದುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಅವರ ಎಣಿಕೆ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಫೋರಮನ್ನರು ಕೋಟೆಯಲ್ಲಿ ಇದ್ದಾಗ ಕೊಡ್ಲಿಯಲ್ಲಿ ಇವರ ತಾಯಿಗೆ ಭಾರಿ ಜ್ವರ ಬಂತು. ಬದುಕುವ ಭರವಸೆ ಇಲ್ಲ ಎಂದು ವೈದ್ಯರು ಹೇಳಿದಾಗ ಇವರ ತಮ್ಮ ಗುಲಬರ್ಗಾಕ್ಕೆ ಹೋಗಿ ತಂತಿ ಕೊಟ್ಟರು: ತಾಯಿಗೆ ಆರಾಮಿಲ್ಲ, ಕೂಡಲೇ ಹೊರಟು ಬಾ. ತಮ್ಮ ಬರೆಸಿದ್ದು ಇದ್ದದ್ದನ್ನೇ. ಅಣ್ಣ ಹೊರಟಿರಬೇಕು, ಇವತ್ತು ಬಂದಾನು ನಾಳೆ ಬಂದಾನು ಎಂದು ಕಾಯುತ್ತ ಅವರು ಮತ್ತೆ ತಂತಿ ಕೊಡಲಿಲ್ಲ, ಕಾಗದವನ್ನೂ ಬರೆಯಲಿಲ್ಲ. ಇವರ ಹೆಂಡತಿಯೂ ಅತ್ತೆಯ ಆರೈಕೆಗೆ ಅಲ್ಲೇ ಇದ್ದರು. ಅಣ್ಣ ಬರಲಿಲ್ಲ. ಜ್ವರ ಇಳಿಯಿತು. ಮುದುಕಿ ಎದ್ದು ಕುಳಿತರು.

ಎರಡು ವಾರ ಕಳೆದ ಮೇಲೆ ಇವರು ಬರುವ ಸುದ್ದಿ ಕಾರಖಾನೆಗೆ ಬಂತು. ಮುಂಬಯಿ ಮೇಲ್ ಶಹಾಬಾದಿನಲ್ಲಿ ನಿಲ್ಲುತ್ತಿರಲಿಲ್ಲ, ವಾಡಿಯಲ್ಲಿ ಇಳಿಯಬೇಕು. ಆಫೀಸಿನ ಜೀಪಿನಲ್ಲಿ ನಾನೇ ಹೋದೆ. ಗುಲಬರ್ಗಾದಲ್ಲೇ ಇಳಿದು ಸೀದಾ ಕೊಡ್ಲಿಗೆ ಹೋಗಬಹುದಾಗಿದ್ದ ಮನುಷ್ಯ ವಾಡಿಯ ತನಕ ಯಾಕೆ ಬರುತ್ತಿದ್ದಾನೆ ಎಂದು ನನಗೆ ಸೋಜಿಗವೇ. ಕರಿಯ ಕೋಟು ಹಾಕಿಕೊಂಡು ಇಳಿದರು. ಟ್ರಂಕು ಇಳಿಸಿಕೊಂಡೆ. ಒಳ್ಳೆಯ ಸುದ್ದಿ ಮೊದಲು ಹೇಳೋಣ ಎಂದು, "ಅಣ್ಣಾರ, ಅವ್ವಾರು ಆರಾಮ ಆಗ್ಯಾರ್ರಿ. ಮೊನ್ನಿ ರೊಟ್ಟಿ ಉಂಡ್ರಂತ" ಎಂದೆ.

"ಯಾರ ಅವ್ವ?"

"ನಿಮ್ಮ ಅವ್ವಾರ್ರಿ. ಕೊಡ್ಲಿಯಾಗ."

ಅವರು ಟ್ರಂಕಿನ ಮೇಲೆ ಕುಳಿತುಬಿಟ್ಟರು. ಚಹಾ ತರಿಸಿದೆ. ಹಿಡಿದುಕೊಂಡರು, ಕುಡಿಯಲಿಲ್ಲ. ಸಿಮೆಂಟಿನ ವ್ಯಾಗನ್ನುಗಳು ಹಾದುಹೋದ ಮೇಲೆ, ಯಾವಾಗಲೂ ಮಾತಾಡುವ ದನಿಯಲ್ಲೇ, "ತಮ್ಮಾ, ನಾ ಅಕಿಗೆ ಎಡಿ ಇಟ್ಟು ಬಂದೀನಿ" ಎಂದರು.

ಮಣ್ಣು ಕೊಟ್ಟ ಮೂರನೆಯ ದಿನ ಸಮಾಧಿಯ ಮುಂದೆ ಇಡುವ ಎಡೆ ಅದು. ಬದುಕಿದ್ದವರ ಹೆಸರಿನಲ್ಲಿ ಎಡೆ ಎಂಬ ಮಾತನ್ನು ನಮ್ಮ ಕಡೆ ಬೈಯುವಾಗಷ್ಟೇ ಆಡುತ್ತಾರೆ.

"ತಂತಿ ಬಂತು," ಎಂದರು. "ಅಲ್ಲಿ ಮ್ಯಾನೇಜರ್ ಛಲೋ ಮನಶ್ಯಾ, ವಿಮಾನದ ಟಿಕೀಟ್ ತೆಗಸ್ತೀನಿ ಹೋಗು ಅಂದ. ನಾನೇ ಬ್ಯಾಡಂದೆ. ತಂತಿ ನನ್ನ ಕೈಗೆ ಬರೂದ್ರಾಗ ಮಣ್ಣಾಗಿರತದ, ಹೋಗಿ ಯಾರ ಮಾರಿ ನೋಡ್ಲಿ ಅಂದೆ. ಕೆಲಸ ಮುಗಿಸಿಕೊಂಡೇ ಹೋದ್ರಾತು ಅಂದೆ. ಮೂರನೇ ದಿನ ಕೋಟಿ ಮಾಲಕನ ಹೆಂಡತಿಗೆ ಹಾಲು, ಅನ್ನ, ಬೆಣ್ಣಿ ಕೇಳಿದೆ. ಯಾರಿಗೆ ಅಂದಳು. ಅವ್ವಗ ಅಂದೆ. ಅಕಿ ನಮ್ಮವ್ವ ಊರಿಂದ ಬರಲಿಕತ್ತಾಳ ಅಂತ ತಿಳಕೊಂಡು ಮೇಜಿನ ಮ್ಯಾಲ ಇನ್ನೊಂದು ತಾಟ ಇಟ್ಟಳು. ಅದೇ ತಾಟನ್ಯಾಗ ಹಾಕ್ಕೊಂಡು ಹಿಂದ ಕೆರಿ ದಂಡಿಗೆ ಹೋಗಿ ಇಟ್ಟೆ. ಅಯ್ಯನೋರು ಎಲ್ಲಿಂದ ಬರಬೇಕು ಅಲ್ಲಿ, ನಾನೇ ಕೈ ಮುಗದೆ. ಆ ಗ್ವಾಡಿ ಒಳಗ ಎಷ್ಟ ಅತ್ತರೂ ಹೊರಗ ಕೇಳಾಂಗಿಲ್ಲ ತಮ್ಮಾ. ಅಷ್ಟೂ ಅತ್ತು ಮುಗಿಸಿ ಬಂದೀನಿ."

ತಾಯಿ ಬದುಕಿದ್ದಾಳೆ ಎಂದು ಗೊತ್ತಾದ ಮನುಷ್ಯನ ಮುಖದಲ್ಲಿ ಸಂತೋಷ ಇರಬೇಕಿತ್ತು. ನಾನು ಹುಡುಕಿದೆ, ಇರಲಿಲ್ಲ. ದುಃಖವೂ ಇರಲಿಲ್ಲ. "ಈ ಮಾತು ನಿನ್ನ ಹೊಟ್ಟ್ಯಾಗ ಇರ್ಲಿ. ನನ್ನ ಮನಿಯಾಕಿಗೂ ಬ್ಯಾಡ" ಎಂದರು. ಆಗಲಿ ಎಂದೆ. ಜೀಪನ್ನು ಕೊಡ್ಲಿಗೇ ಬಿಟ್ಟೆವು.

ತಾಯಿ ಪಡಸಾಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದರು. ಜ್ವರದಲ್ಲಿ ಕೂದಲು ಉದುರಿ ತಲೆ ಸಣ್ಣದಾಗಿತ್ತು. ಇವರು ಹೊಸ್ತಿಲ ಹೊರಗೇ ನಿಂತರು. ಕಾಲು ಎತ್ತಿ ಇಡುವುದು ಮರೆತಂತೆ ನಿಂತರು. ಮುದುಕಿ ಮಗನ ಮುಖವನ್ನು ಬಹಳ ಹೊತ್ತು ನೋಡಿ, "ಒಳಗ ಬಾ, ನಿಂತಿ ಯಾಕ?" ಎಂದರು.

ಒಳಗೆ ಬಂದು ಕುಳಿತ ಮೇಲೆ, "ಯಾಕ ಬರಲಿಲ್ಲೋ ಯಪ್ಪಾ? ಹಾದಿ ನೋಡಿ ನೋಡಿ ಸಾಕಾತು" ಎಂದು ಕೇಳಿದರು.

ನೀ ಸತ್ತಿ ಅಂತ ತಿಳಿದಿದ್ದೆ ಎಂದು, ಸಾವಿನಿಂದ ಈಗಷ್ಟೇ ಎದ್ದು ಬಂದ ತಾಯಿಗೆ ಯಾವ ಮಗ ಹೇಳಿಯಾನು? "ಕೆಲಸ ಇತ್ತು ಯವ್ವಾ" ಎಂದರು, ಕೆಳಗೆ ನೋಡುತ್ತ.

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ಅಣ್ಣ ಕೋಟ್ಯಾಗ ಇದ್ದ. ಅಲ್ಲಿಂದ ಎದ್ದು ನಮ್ಮಂಥಾ ಮಣ್ಣಿನ ಮನಿಗೆ ಬರೂದಂದ್ರ ಸುಮ್ನ ಮಾತೇನು?" ಎಂದರು. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ, ಎಲ್ಲ ರಾತ್ರಿ ಹಗಲು ಅವರೇ ತಾಯಿಯ ಮಗ್ಗಲಿಗೆ ಕೂತವರು. ಮುದುಕಿಯೇ ಸಣ್ಣ ಮಗನನ್ನು ಗದರಿಸಿ, "ಹೌದೇನು, ಕೋಟ್ಯಾಗ ಇದ್ದೇನು? ಹೆಂಗಿತ್ತು ಹೇಳು" ಎಂದರು. ಆಗ ಇವರು ಹೇಳಿದರು. ಟ್ರಂಕು ಹೊತ್ತ ಮಾಲಕ, ದಪ್ಪ ಗೋಡೆ, ಜಿಂಕೆಯ ತಲೆ, ಉಪ್ಪು ಹಾಕಿದ ಅಂಬಲಿ. ಸ್ಟೇಷನ್ನಿನ ಚಹಾದಂಗಡಿಯಲ್ಲಿ ನಾವು ಮುಂದೆ ವರ್ಷಾನುಗಟ್ಟಲೆ ಕೇಳಿದ ಕಥೆ ಹುಟ್ಟಿದ್ದು ಅಂದು, ಆ ಪಡಸಾಲೆಯಲ್ಲಿ, ಬೇರೆ ಏನೋ ಹೇಳಬೇಕಾಗಿದ್ದ ಜಾಗದಲ್ಲಿ.

ಮುಂದೆ ಮುದುಕಿ ಬಹಳ ವರ್ಷ ಬದುಕಿದರು. ರಾಜ್ಯದ ಹೆಸರು ಕರ್ನಾಟಕವಾಯಿತು, ನಮ್ಮ ಕಾರಖಾನೆಗೆ ಇಬ್ಬರು ಮೂವರು ಮ್ಯಾನೇಜರರು ಬಂದು ಹೋದರು, ಫೋರಮನ್ನರ ತಲೆ ಪೂರ್ತಿ ಬೆಳ್ಳಗಾಯಿತು. ಇವರು ತಿಂಗಳು ತಪ್ಪದೆ ಕೊಡ್ಲಿಗೆ ಹೋಗುತ್ತಿದ್ದರು. ಸಕ್ಕರೆ, ಚಹಾಪುಡಿ, ಔಷಧಿ, ಚಳಿಗೆ ಉಣ್ಣೆಯ ಶಾಲು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಾನೂ ಕೆಲವು ಸಲ ಜೊತೆಗೆ ಹೋಗಿದ್ದೇನೆ. ಮುದುಕಿ ಓಣಿಯ ಹೆಂಗಸರನ್ನು ಕರೆದು ಕೂಡಿಸಿ, "ಕೋಟಿ ಕತಿ ಹೇಳೋ" ಎನ್ನುವರು. ಇವರು ಹೇಳುವರು. ಹೇಳುವಾಗ ತಾಯಿಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ಯವ್ವಾ ಎಂದು ಕರೆಯುವುದನ್ನೂ ಬಿಟ್ಟಿದ್ದರು. "ಔಷಧ ತಗೊಂಡದ್ದಾತೇನು?" ಎಂದು ಗಾಳಿಗೆ ಕೇಳುವರು. ಊಟದ ಹೊತ್ತಿಗೆ ಏನಾದರೂ ನೆಪ ತೆಗೆದು ಹೊಲಕ್ಕೆ ಹೋಗಿಬಿಡುವರು.

ಒಮ್ಮೆ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕೇಳದೆಯೇ ಹೇಳಿದರು. "ಅಕಿ ಉಣ್ಣೂದು ನೋಡಾಕ ಆಗವಲ್ದು ತಮ್ಮಾ. ಅಕಿ ಮುಂದ ತಾಟ ಇಟ್ರ ನನಗ ಆ ಎಡೀನೇ ಕಾಣತದ. ಪ್ರೀತಿ ಇಲ್ಲೇನು ಅಂದ್ರ ಅದ. ಇರಬೇಕು. ಖರೆ ಕೈಗೆ ಹತ್ತವಲ್ದು." ಬಸ್ಸು ಕಾಳಗಿ ದಾಟಿತು. ಅವರು ಮುಂದಿನ ಸೀಟಿನ ಕಂಬಿಯನ್ನು ಬೆರಳಿನಿಂದ ಬಡಿಯುತ್ತ ಕುಳಿತಿದ್ದರು.

ಕಡೆಯ ವರ್ಷ ಕಾರಖಾನೆಯಲ್ಲಿ ದೊಡ್ಡ ರಿಪೇರಿ ನಡೆದು ಅವರಿಗೆ ರಜೆ ಸಿಗಲಿಲ್ಲ. ಔಷಧಿಯನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಮುದುಕಿ ಹೊರಸಿನ ಮೇಲೆ ಮಲಗಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನನ್ನು ಸಮೀಪ ಕರೆದು, "ನಾ ಸತ್ತೀನಿ ಅಂತ ತಿಳಿದಿದ್ದ, ಹೌದಿಲ್ಲೋ ಅಂವ?" ಎಂದರು.

ನಾನು ಔಷಧಿಯ ಬಾಟಲಿಯ ಮುಚ್ಚಳ ತೆಗೆಯತೊಡಗಿದೆ.

"ನೀ ಹೇಳಬ್ಯಾಡ ಬಿಡು, ಆಣಿ ಹಾಕ್ಯಾನ ಕಾಣತದ. ಹೊಸ್ತಲದಾಗ ನಿಂತು ನನ್ನ ನೋಡಿದ್ನಲ್ಲ, ಅವತ್ತೇ ತಿಳೀತು ನನಗ. ಬದುಕಿದ್ದಾವರನ್ನ ಯಾರೂ ಹಂಗ ನೋಡಾಂಗಿಲ್ಲ." ಸ್ವಲ್ಪ ದಮ್ಮು ತೆಗೆದುಕೊಂಡರು. "ನನ್ನ ಮಗ ಎಡಿ ಇಡಲಾರದ ಇರಾಂವಲ್ಲ. ಏನೇನ್ ಇಟ್ಟಿದ್ದ?"

ಅಷ್ಟು ಕೇಳಿದ ಮೇಲೆ ಮುಚ್ಚಿಡುವುದು ನನ್ನಿಂದ ಆಗಲಿಲ್ಲ. "ಹಾಲು, ಅನ್ನ, ಬೆಣ್ಣಿ ಇಟ್ಟಿದ್ರಂತ ಯವ್ವಾ" ಎಂದೆ.

"ಬೆಲ್ಲ?"

"ಇಲ್ಲ."

"ಬೆಲ್ಲ ಸಿಗಲಿಲ್ಲೇನು ಅಲ್ಲಿ?" ಎಂದರು. ಸಂತೆಯಿಂದ ಬಂದ ಮಗನನ್ನು ಕೇಳಿದ ಹಾಗೆ ಕೇಳಿದರು. ಆಮೇಲೆ, "ನನಗ ಗೊತ್ತದ ಅಂತ ಅವಂಗ ಹೇಳಬ್ಯಾಡ. ಮೊದಲೇ ಮಾರಿ ಎತ್ತಾಂಗಿಲ್ಲ, ಇನ್ನ ಮನಿಗೇ ಬರೂದು ಬಿಟ್ಟಾನು" ಎಂದರು. ಹೇಳುವುದಿಲ್ಲ ಯವ್ವಾ ಎಂದೆ. ಗೋಡೆಯ ಕಡೆ ತಿರುಗಿದರು. ತಿಂಗಳಲ್ಲಿ ತೀರಿಕೊಂಡರು.

ಹೊಲದ ಬದುವಿನಲ್ಲಿ, ಗಂಡನ ಮಗ್ಗಲಿಗೆ, ಕುಳ್ಳಿರಿಸಿ ಮಣ್ಣು ಕೊಟ್ಟರು. ಹೇಳಿದ್ದನ್ನೆಲ್ಲ ಇವರು ಮಾಡಿದರು. ಹಿಡಿಯಿರಿ ಎಂದರೆ ಹಿಡಿದರು, ಮಣ್ಣು ಹಾಕಿರಿ ಎಂದರೆ ಹಾಕಿದರು. ಕಣ್ಣಲ್ಲಿ ಹನಿ ಇಲ್ಲ. ತಮ್ಮ ನೆಲಕ್ಕೆ ಬಿದ್ದು ಅತ್ತರು. ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು, "ಲಂಡನ್ ನೀರ ಕುಡದು ಎದಿ ಕಲ್ಲಾಗೇದ" ಎಂದು ಆಡಿಕೊಂಡದ್ದು ನನಗೂ ಕೇಳಿತು, ಅವರಿಗೂ ಕೇಳಿರಬೇಕು.

ಮೂರನೆಯ ದಿನ ಮುಂಜಾನೆ ಎಲ್ಲರೂ ಸಮಾಧಿಯ ಹತ್ತಿರ ಸೇರಿದರು. ಅಯ್ಯನೋರು ಮಂತ್ರ ಹೇಳಿ ಮುಗಿಸಿದರು. ತಮ್ಮ ಎಡೆಯ ತಾಟನ್ನು ತಂದು ಅಣ್ಣನ ಮುಂದೆ ಹಿಡಿದರು. ಇವರು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ನೀ ಇಡು" ಎಂದರು, ದನಿ ಕೇಳಿಸುವಷ್ಟೂ ಇರಲಿಲ್ಲ.

"ಹಿರೀಮಗ ಇರಬೇಕಾದ್ರ ಕಿರಿಯಾಂವ ಇಡಾಂಗಿಲ್ರಿ" ಎಂದರು ಅಯ್ಯನೋರು.

ತಮ್ಮನಿಗೆ ಇಷ್ಟು ವರ್ಷದ್ದು ಒಮ್ಮೆಗೇ ಉಕ್ಕಿತು. "ಅವ್ವ ಸಾಯಲಿಕತ್ತಾಗ ಬಾ ಅಂದ್ರ ಬರಲಿಲ್ಲ. ಸತ್ತ ಮ್ಯಾಲರೆ ಒಂದ ತುತ್ತು ಇಡಬಾರದೇನಣ್ಣಾ? ಆಕಿ ನಿನಗ ಏನ್ ಮಾಡಿದ್ದಳು?" ಎಂದರು, ಊರವರೆಲ್ಲರ ಎದುರಿಗೆ. ಇವರು ಕದಲಲಿಲ್ಲ. ಬಿಸಿಲು ಏರುತ್ತಿತ್ತು. ಇವರು ಹಾಗೇ ತಿರುಗಿ ನಡೆದುಬಿಟ್ಟರೆ ಆ ಊರಿಗೂ ಆ ಮನೆಗೂ ಇವರ ಋಣ ಅಲ್ಲಿಗೆ ಮುಗಿದಂತೆ. ಅದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು.

ನಾನು ಮಗನಿಗೂ ಮಾತು ಕೊಟ್ಟವನು, ತಾಯಿಗೂ ಮಾತು ಕೊಟ್ಟವನು. ಸಮೀಪ ಹೋಗಿ ಅವರ ಕಿವಿಯ ಹತ್ತಿರ, "ಅಣ್ಣಾರ, ಅವ್ವಾರಿಗೆ ಗೊತ್ತಿತ್ರಿ" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ಏನು?"

"ಎಡಿ ಇಟ್ಟಿದ್ದು. ನೀವು ಹೊಸ್ತಲದಾಗ ನಿಂತಾಗಿಂದ ಗೊತ್ತಿತ್ತಂತ. ಹೋದ ತಿಂಗಳ ನನ್ನ ಮುಂದ ಅಂದ್ರು."

"ಸಿಟ್ಟಾಗಿದ್ದಳೇನು?"

"ಇಲ್ರಿ. ಏನೇನ್ ಇಟ್ಟಿದ್ದ ಅಂತ ಕೇಳಿದ್ರು. ಬೆಲ್ಲ ಸಿಗಲಿಲ್ಲೇನು ಅಲ್ಲಿ ಅಂದ್ರು."

ಅವರು ನಿಂತೇ ಇದ್ದರು. ಆಮೇಲೆ ಬೆನ್ನ ಹಿಂದಿನ ಕೈ ಮುಂದೆ ಬಂತು. ತಮ್ಮನ ಕೈಯಿಂದ ತಾಟು ತೆಗೆದುಕೊಂಡು ನೋಡಿದರು. ಅನ್ನ, ಹಾಲು, ತುಪ್ಪ, ಗೋಧಿ ಹುಗ್ಗಿ ಇತ್ತು.

"ಬೆಲ್ಲ ಎಲ್ಲದ?"

"ಹುಗ್ಗ್ಯಾಗ ಹಾಕೇದಲ್ಲಣ್ಣಾ" ಎಂದರು ತಮ್ಮ, ಏನೂ ತಿಳಿಯದೆ.

"ಬ್ಯಾರೆ ಬೇಕು."

ಮನೆಯಿಂದ ಬೆಲ್ಲ ತರಿಸಿದರು. ಅದು ಬರುವ ತನಕ ಎಲ್ಲರೂ ಬಿಸಿಲಲ್ಲಿ ಕಾಯ್ದರು. ಅವರು ಕೆಳಗೆ ಕುಳಿತು ಹೊಸ ಮಣ್ಣಿನ ಮುಂದೆ ತಾಟು ಇಟ್ಟು, ಬೆಲ್ಲದ ಉಂಡೆಯನ್ನು ಮುರಿದು, ದೊಡ್ಡ ತುಂಡನ್ನು ಅನ್ನದ ಮೇಲೆ ಇಟ್ಟರು. ಆಗಲೂ ಅಳಲಿಲ್ಲ. ತಲೆ ಎತ್ತಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ತಾಯಿ ಇದ್ದ ಕಡೆಗೆ ನೇರವಾಗಿ ನೋಡಿದರು.

"ಅಲ್ಲಿ ಸಕ್ಕರಿ ಇತ್ತು ಯವ್ವಾ," ಎಂದರು. "ನನಗ ಹೊಳೀಲಿಲ್ಲ."